ಇನ್ಸುಲಿನ್ನಿನಿಂದ ಶೇಂಗಾದವರೆಗೆ: ಪ್ರೋಟೀನು ಹರಳುಗಳ ಅಧ್ಯಯನದ ಒಂದು ಅಧ್ಯಾಯ

ಹೊಂಬಳವೇ ಮೊದಲಾದ ಗದಗ ಸೀಮೆಯ ಊರುಗಳಲ್ಲಿ ಶೇಂಗಾವನ್ನು ಅರಿಯದವರಿಲ್ಲ. ಆದರೆ ಆ ಬೀಜದೊಳಗಿನ ಪ್ರೋಟೀನೊಂದು ಭಾರತದ ವಿಜ್ಞಾನಚರಿತ್ರೆಯಲ್ಲಿ ಪಡೆದಿರುವ ಸ್ಥಾನವನ್ನು ಬಲ್ಲವರು ವಿರಳ. ಆ ವೃತ್ತಾಂತದ ಮೂಲವಾದರೋ ಮನುಷ್ಯನ ರಕ್ತದ ಸಕ್ಕರೆಯನ್ನು ನಿಯಂತ್ರಿಸುವ ಇನ್ಸುಲಿನ್ನಿನಲ್ಲಿದೆ. ಇವೆರಡರ ಸಂಬಂಧವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಒಂಟಿ ಅಣುವಿನಿಂದ ಚದರುವ ಕ್ಷ-ಕಿರಣವು ಅತ್ಯಲ್ಪ. ಅಸಂಖ್ಯ ಅಣುಗಳು ಹರಳಿನಲ್ಲಿ ಒಂದೇ ಕ್ರಮದಲ್ಲಿ ಜೋಡಣೆಗೊಂಡಾಗಲೇ ಅಳೆಯಲು ಬರುವಂತಹ ಚುಕ್ಕೆಗಳು ಮೂಡುತ್ತವೆ. ಆದಕಾರಣ ಹರಳೇ ಮೊದಲ ಮೆಟ್ಟಿಲು. ಶುದ್ಧವಾದ ಪ್ರೋಟೀನಿನ ದ್ರಾವಣವನ್ನು ಲವಣಾದಿಗಳೊಡನೆ ಮೆಲ್ಲಮೆಲ್ಲನೆ ಸಾಂದ್ರಗೊಳಿಸಬೇಕು. ಅವಸರಿಸಿದರೆ ಹರಳಿಗೆ ಬದಲಾಗಿ ಗಸಿ ಉಳಿಯುತ್ತದೆ.

ಇನ್ಸುಲಿನ್ನನ್ನು 1926ರಲ್ಲಿ ಜಾನ್ ಜೇಕಬ್ ಏಬೆಲ್ ಹರಳುಗೊಳಿಸಿದರು. ಆ ಹರಳಿಗೆ ಸತುವು ಬೇಕೆಂಬುದನ್ನು 1934ರಲ್ಲಿ ಡಿ. ಎ. ಸ್ಕಾಟ್ ತೋರಿಸಿದರು. ಡೊರೊಥಿ ಹಾಡ್ಜ್‌ಕಿನ್ 1935ರಲ್ಲಿ ಅದರ ಕ್ಷ-ಕಿರಣ ಚಿತ್ರವನ್ನು ಪ್ರಕಟಿಸಿದರೂ ರಚನೆಯು ಬೆಳಕಿಗೆ ಬಂದದ್ದು 1969ರಲ್ಲಿ. ಬಳಸಿದ್ದು ಹಂದಿಯ ಇನ್ಸುಲಿನ್; 51 ಅಮೈನೋ ಆಮ್ಲಗಳಲ್ಲಿ ಒಂದರಲ್ಲಿ ಮಾತ್ರ ಅದು ಮಾನವ ಇನ್ಸುಲಿನ್ನಿನಿಂದ ಭಿನ್ನ. ಆಕ್ಸ್‌ಫರ್ಡಿನ ಆ ತಂಡದಲ್ಲಿ ಎಂ. ವಿಜಯನ್ (1941–2022) ಒಬ್ಬರು. ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎ. ವಿಶ್ವಾಮಿತ್ರರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದವರು.

1971ರಲ್ಲಿ ವಿಜಯನ್ನರು ಅದೇ ಸಂಸ್ಥೆಗೆ ಮರಳಿ, ಜಿ. ಎನ್. ರಾಮಚಂದ್ರನ್ ಕಟ್ಟಿದ ಅಣು ಜೀವಭೌತ ವಿಭಾಗವನ್ನು ಸೇರಿದರು. ಪ್ರೋಟೀನುಗಳಿಗೆ ತಕ್ಕ ಸಾಧನಗಳು ದೊರೆಯುವವರೆಗೆ ಅವರು ಕೈಕಟ್ಟಿ ಕೂಡಲಿಲ್ಲ. ಅಮೈನೋ ಆಮ್ಲಗಳ ಹರಳುಗಳನ್ನು ಅಭ್ಯಸಿಸುತ್ತ ಶಿಷ್ಯರನ್ನು ಸಿದ್ಧಗೊಳಿಸಿದರು. 1982ರಲ್ಲಿ ಶೇಂಗಾ ಲೆಕ್ಟಿನ್ನಿನ ಹರಳುಗಳ ವರದಿ ಪ್ರಕಟವಾಯಿತು. 1983ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಧನಸಹಾಯ ಒದಗಿತು. 1994ರಲ್ಲಿ ರಚನೆ ಪ್ರಕಟಗೊಂಡಿತು. ಅದರ ನಾಲ್ಕು ಉಪಘಟಕಗಳು ಸೇರಿರುವ ಬಗೆ ಇಂತಹ ಪ್ರೋಟೀನುಗಳಲ್ಲಿ ನಿರೀಕ್ಷಿಸುವ ಸಮಮಿತಿಗೆ ಒಳಪಡದಿದ್ದುದು ವಿದ್ವಾಂಸರ ಗಮನವನ್ನು ಸೆಳೆಯಿತು.

ಹರಳಿನಿಂದ ರಚನೆಗೆ ಇಲ್ಲಿ 12 ವರ್ಷಗಳು ಹಿಡಿದವು, ಇನ್ಸುಲಿನ್ನಿಗೆ 43. ಫಲ ದೊರೆತ ವರ್ಷಗಳನ್ನಷ್ಟೇ ದಾಖಲಿಸುವ ಇತಿಹಾಸವು ಈ ನಡುವಣ ಕಾಲವನ್ನು ಬರಿದೆಂದು ಬಗೆಯುತ್ತದೆ. ಪರದೇಶದಲ್ಲಿ ಕಲಿತ ವಿದ್ಯೆ ಈ ನೆಲದಲ್ಲಿ ಬೇರೂರಿದ್ದು ಆ ವರ್ಷಗಳಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.