ರಂಗದ ಮಂದ ಬೆಳಕಿನಲ್ಲಿ ಕಪ್ಪು-ಬಿಳುಪು ಚಿತ್ರ: ಫಿಲ್ಮ್ ಮತ್ತು ಡೆವಲಪರ್ ಆಯ್ಕೆ

ಯಕ್ಷಗಾನ, ನಾಟಕ, ನೃತ್ಯ ಇವು ಹೊರನಾಡ ಕನ್ನಡಿಗರ ಸಂಘಜೀವನದ ಜೀವಾಳ. ಪ್ರದರ್ಶನ ಮುಗಿದ ಮೇಲೆ ಉಳಿಯುವುದು ನೆನಪು ಮತ್ತು ಕೆಲವು ಛಾಯಾಚಿತ್ರಗಳು ಮಾತ್ರ. ರಂಗದ ಎದುರು ಫ್ಲಾಶ್ ಬೆಳಗುವುದು ಕಲಾವಿದರಿಗೂ ಪ್ರೇಕ್ಷಕರಿಗೂ ರಸಭಂಗ. ಆದುದರಿಂದ ಇರುವ ಬೆಳಕಿನಲ್ಲಿಯೇ ಚಲನೆಯನ್ನು ಹಿಡಿಯುವ ವಿದ್ಯೆ ಬೇಕಾಗುತ್ತದೆ. ಡಿಜಿಟಲ್ ಕ್ಯಾಮೆರಾ ಈ ಕೆಲಸವನ್ನು ಬಹುಮಟ್ಟಿಗೆ ಸುಲಭಗೊಳಿಸಿದೆ, ನಿಜ. ಆದರೂ ಕಪ್ಪು-ಬಿಳುಪು ಫಿಲ್ಮಿನ ಕಡೆಗೆ ಮರಳುತ್ತಿರುವ ತರುಣರೂ, ಮನೆಯ ಹಳೆಯ ಕ್ಯಾಮೆರಾವನ್ನು ಕಪಾಟಿನಿಂದ ಹೊರತೆಗೆಯುವ ಹಿರಿಯರೂ ನಮ್ಮಲ್ಲಿದ್ದಾರೆ. ಅಂಥವರಿಗಾಗಿ ಈ ಬರಹ.

ಒಂದು ಕಹಿ ಅನುಭವ

1994ರಲ್ಲಿ ಊರಿನಿಂದ ಮುಂಬಯಿಗೆ ಬಂದಿದ್ದ ಹಿರಿಯ ವೇಷಧಾರಿಯೊಬ್ಬರ ಆಟವನ್ನು ನಾನು ಚಿತ್ರಿಸಿದೆ. ಹಿಂದಿನ ಕಪ್ಪು ಪರದೆಯನ್ನೂ ಸೇರಿಸಿ ಬೆಳಕನ್ನು ಅಳೆದ ಮೀಟರ್ ಸೆಕೆಂಡಿನ 1/30 ಭಾಗವೆಂದು ತೋರಿಸಿತು, ನಾನು ನಂಬಿದೆ. ಮನೆಗೆ ಬಂದು ನಲ್ಲಿಯ ಬೆಚ್ಚಗಿನ ನೀರಿನಲ್ಲಿಯೇ, 20 ಡಿಗ್ರಿಗೆ ಹೇಳಿದ ಪೂರ್ಣ ಸಮಯ ಫಿಲ್ಮನ್ನು ಸಂಸ್ಕರಿಸಿದೆ. ದಿಗಿಣಗಳೆಲ್ಲ ಮಸುಕಾದವು, ಮುಖಗಳು ಬೆಳ್ಳಗೆ ಸುಟ್ಟುಹೋದವು. ಅವರು ನಿಶ್ಚಲವಾಗಿ ನಿಂತಿದ್ದ ಒಂದೇ ಒಂದು ಚಿತ್ರ ಹೇಗೋ ಉಳಿಯಿತು. ಅದೇ ಅವರ ಕೊನೆಯ ಮುಂಬಯಿ ಪ್ರವಾಸವಾಯಿತು. ವರ್ಷಗಳ ನಂತರ ಅವರ ಮಗ ಕೇಳಿದಾಗ ಕೊಡಲು ನನ್ನಲ್ಲಿ ಇದ್ದದ್ದು ಆ ಒಂದು ಚಿತ್ರವೇ. ಇದರಲ್ಲಿ ಫಿಲ್ಮಿನ ದೋಷವಿರಲಿಲ್ಲ, ತಪ್ಪು ನನ್ನದು.

ಮೊದಲು ಲೆಕ್ಕ

ಕಲಾವಿದನ ಮುಖದ ಮೇಲಿನ ಬೆಳಕನ್ನು ಮಾತ್ರ ಅಳೆಯಬೇಕು. ಸಾಧಾರಣ ಸಭಾಗೃಹದಲ್ಲಿ 400 ವೇಗದ ಫಿಲ್ಮಿಗೆ ಎಫ್/2.8ರಲ್ಲಿ 1/60 ಬಂದಿತೆನ್ನೋಣ. ಮಾತುಗಾರಿಕೆಗೆ ಇದು ಸಾಕು, ಕುಣಿತಕ್ಕೆ ಸಾಲದು. ಅದೇ ಬೆಳಕಿನಲ್ಲಿ 800ಕ್ಕೆ 1/125, 1600ಕ್ಕೆ 1/250, 3200ಕ್ಕೆ 1/500 ದೊರೆಯುತ್ತದೆ. ವೇಗದ ಕುಣಿತಕ್ಕೆ 1/250 ಆದರೂ ಬೇಕು.

ಫಿಲ್ಮನ್ನು ತಳ್ಳುವ ಮೊದಲು ಲೆನ್ಸ್ ಕಡೆಗೆ ನೋಡಬೇಕು. 50 ಮಿ.ಮೀ. ಎಫ್/1.8 ಲೆನ್ಸ್ ದುಬಾರಿಯಲ್ಲ. ಅದನ್ನು ಎಫ್/2ರಲ್ಲಿ ಬಳಸಿದರೆ ಬೆಳಕು ಎರಡರಷ್ಟು ಸಿಗುತ್ತದೆ. 1/250ಕ್ಕೆ 800 ವೇಗವೇ ಸಾಕಾಗುತ್ತದೆ. ಇನ್ನೊಂದು ಉಪಾಯವೆಂದರೆ ತಾಳ ತಿಳಿದಿರುವುದು. ಜಿಗಿತದ ತುತ್ತತುದಿಯಲ್ಲಿ ದೇಹ ಒಂದು ಕ್ಷಣ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಲ್ಲುತ್ತದೆ. ಚೆಂಡೆಯ ಪೆಟ್ಟನ್ನು ಅನುಸರಿಸಿ ಆ ಕ್ಷಣಕ್ಕೆ ಗುಂಡಿ ಒತ್ತಿದವನಿಗೆ 1/125 ಕೂಡ ಕೆಲವೊಮ್ಮೆ ಸಾಕು.

ಫಿಲ್ಮುಗಳು

ಕೊಡಾಕ್ ಟ್ರೈ-ಎಕ್ಸ್ 1954ರಲ್ಲಿ 35 ಮಿ.ಮೀ. ರೂಪದಲ್ಲಿ ಬಂದು ಪತ್ರಿಕಾ ಛಾಯಾಗ್ರಾಹಕರ ಅಚ್ಚುಮೆಚ್ಚಿನ ಫಿಲ್ಮಾಯಿತು. ಇಲ್ಫರ್ಡ್ ಎಚ್‌ಪಿ5 ಪ್ಲಸ್ 1989ರದು. ಎರಡರ ವೇಗವೂ 400. ಇವನ್ನು 1600ರ ವರೆಗೆ ತಳ್ಳಬಹುದು. ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುವ ಗುಣ ಇವುಗಳಿಗಿದೆ.

ಇಲ್ಫರ್ಡ್ ಡೆಲ್ಟಾ 3200 ಮತ್ತು ಕೊಡಾಕ್ ಟಿ-ಮ್ಯಾಕ್ಸ್ ಪಿ3200 ಹೆಚ್ಚಿನ ವೇಗದವು. ಎರಡನೆಯದನ್ನು 2012ರಲ್ಲಿ ನಿಲ್ಲಿಸಿದ್ದ ಕಂಪನಿ 2018ರಲ್ಲಿ ಮತ್ತೆ ತಂದಿತು. ಹೆಸರಿನಲ್ಲಿ 3200 ಇದ್ದರೂ ಇವುಗಳ ನಿಜವೇಗ ಸುಮಾರು 1000 ಮಾತ್ರ. ಮೃದುವಾದ ವೈದೃಶ್ಯದಿಂದಾಗಿ 3200ಕ್ಕೆ ತಳ್ಳಲು ಒಗ್ಗುತ್ತವೆ. ಕಣಗಳು ಎದ್ದು ಕಾಣುತ್ತವೆ, ಬೆಲೆಯೂ ಹೆಚ್ಚು. ನನ್ನ ಅಭಿಪ್ರಾಯದಲ್ಲಿ 1600ರ ತನಕ 400ರ ಫಿಲ್ಮ್, ಅದಕ್ಕೂ ಮೀರಿದರೆ ಮಾತ್ರ ಈ ಎರಡರಲ್ಲೊಂದು.

ತಳ್ಳುವುದೆಂದರೇನು?

ಫಿಲ್ಮಿಗೆ ಕಡಿಮೆ ಬೆಳಕು ಕೊಟ್ಟು ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದೇ ತಳ್ಳುವುದು. ಇದರಿಂದ ನಿಜವಾದ ವೇಗ ಹೆಚ್ಚುವುದು ಅತ್ಯಲ್ಪ. ಬೆಳಕು ಬೀಳದ ಕತ್ತಲಿನ ಭಾಗದಲ್ಲಿ ಡೆವಲಪರ್ ಏನನ್ನೂ ಸೃಷ್ಟಿಸಲಾರದು. ಮಧ್ಯಮ ಹಾಗೂ ಬೆಳಗಿದ ಭಾಗಗಳು ಮಾತ್ರ ಗಾಢವಾಗುತ್ತವೆ, ವೈದೃಶ್ಯ ಏರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಠೇವಣಿ ಇಡದ ಖಾತೆಗೆ ಬಡ್ಡಿ ಬರುವುದಿಲ್ಲ. ಮುಖವನ್ನು ಉಳಿಸಿಕೊಂಡು ಕಪ್ಪು ಪರದೆಯನ್ನು ಕಪ್ಪಾಗಿಯೇ ಬಿಡುವುದು ಜಾಣತನ.

ಡೆವಲಪರ್‌ಗಳು

ಡಿ-76: 1927ರಿಂದ ಬಳಕೆಯಲ್ಲಿದೆ. ಮೆಟಾಲ್, ಹೈಡ್ರೊಕ್ವಿನೋನ್, ಬೋರಾಕ್ಸ್‌ಗಳ ಜೊತೆಗೆ ಲೀಟರಿಗೆ 100 ಗ್ರಾಂ ಸೋಡಿಯಂ ಸಲ್ಫೈಟ್ ಇರುತ್ತದೆ. ಸಲ್ಫೈಟ್ ಕಣಗಳ ಅಂಚನ್ನು ಕರಗಿಸಿ ಮೃದುಗೊಳಿಸುತ್ತದೆ. ಇಲ್ಫರ್ಡ್‌ನ ಐಡಿ-11 ಇದರ ಸೋದರ. 800ರ ವರೆಗೆ ನಂಬಬಹುದಾದ ಜೋಡಿ.

ಮೈಕ್ರೋಫೆನ್: ಇದರಲ್ಲಿ ಮೆಟಾಲ್ ಬದಲು ಫೆನಿಡೋನ್ ಇದೆ. ನೆರಳಿನ ವಿವರಗಳನ್ನು ತುಸು ಹೆಚ್ಚು ಉಳಿಸುವುದರಿಂದ 1600ಕ್ಕೆ ಇದೇ ನನ್ನ ಮೊದಲ ಆಯ್ಕೆ.

ಎಕ್ಸ್‌ಟಾಲ್: 1996ರಲ್ಲಿ ಬಂದದ್ದು, ವಿಟಮಿನ್ ಸಿ ಬಳಗದ ರಾಸಾಯನಿಕವನ್ನು ಆಧರಿಸಿದೆ. ಸಣ್ಣ ಕಣ, ಒಳ್ಳೆಯ ನೆರಳು. ಆದರೆ ಬಣ್ಣ ಬದಲಾಗದೆಯೇ ಇದರ ಶಕ್ತಿ ಕುಂದಬಹುದು. ಬಳಸುವ ಮುನ್ನ ಬೆಳಕಿಗೆ ಒಡ್ಡಿದ ಫಿಲ್ಮ್ ತುಂಡೊಂದನ್ನು ಅದ್ದಿ, ಕಪ್ಪಾಗುವುದೇ ಎಂದು ಪರೀಕ್ಷಿಸಬೇಕು.

ರೊಡಿನಾಲ್: 1891ರ ಈ ಹಿರಿಯ ಡೆವಲಪರ್ ಮಂದವೇಗದ ಫಿಲ್ಮಿಗೆ ಸೊಗಸು. ತಳ್ಳುವ ಕೆಲಸಕ್ಕೆ ಬೇಡ. ಕಣ ಒರಟಾಗುತ್ತದೆ, ನೆರಳು ಕಳೆದುಹೋಗುತ್ತದೆ.

ಎಚ್‌ಪಿ5 ಪ್ಲಸ್‌ಗೆ 20 ಡಿಗ್ರಿಯಲ್ಲಿ, ನೀರು ಬೆರೆಸದ ಮೈಕ್ರೋಫೆನ್‌ನಲ್ಲಿ ತಯಾರಕರು ಸೂಚಿಸುವ ಸಮಯ: 400ಕ್ಕೆ ಆರೂವರೆ ನಿಮಿಷ, 800ಕ್ಕೆ 8, 1600ಕ್ಕೆ 11, 3200ಕ್ಕೆ 16. ಐಡಿ-11ರಲ್ಲಿ 1600ಕ್ಕೆ 14 ನಿಮಿಷ.

ನಮ್ಮ ಊರುಗಳ ಉಷ್ಣತೆ

ಮುಂಬಯಿ, ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ನಲ್ಲಿಯ ನೀರು 20 ಡಿಗ್ರಿಯಲ್ಲಿ ಬರುವುದಿಲ್ಲ. ಅಗಲವಾದ ಬೇಸಿನ್ನಿನಲ್ಲಿ ನೀರು ಮತ್ತು ಮಂಜುಗಡ್ಡೆ ಹಾಕಿ, ದ್ರಾವಣದ ಸೀಸೆಗಳನ್ನೂ ತೊಳೆಯುವ ನೀರನ್ನೂ ಅದರಲ್ಲಿಟ್ಟು ತಂಪುಗೊಳಿಸಬೇಕು. ಮಂಜುಗಡ್ಡೆಯನ್ನು ದ್ರಾವಣದೊಳಗೆ ಹಾಕಬಾರದು. 20 ಸಾಧ್ಯವಾಗದಿದ್ದರೆ 24ರಲ್ಲಿ ಸಂಸ್ಕರಿಸಿ, ಸಮಯವನ್ನು ಸುಮಾರು ಮೂರನೆಯ ಒಂದು ಭಾಗ ಇಳಿಸಬಹುದು. ಒಟ್ಟು ಸಮಯ 5 ನಿಮಿಷಕ್ಕಿಂತ ಕಡಿಮೆಯಾದರೆ ಕಲೆಗಳು ಮೂಡುವ ಭಯವಿದೆ. ನಿಮಿಷಕ್ಕೊಮ್ಮೆ 10 ಸೆಕೆಂಡು ಟ್ಯಾಂಕನ್ನು ಮೆಲ್ಲಗೆ ಮೇಲೆಕೆಳಗೆ ಮಾಡಿದರೆ ಸಾಕು. ಜೋರಾಗಿ ಕುಲುಕಿದರೆ ಬೆಳಗಿದ ಮುಖಗಳು ಇನ್ನಷ್ಟು ಸುಡುತ್ತವೆ.

ರಕ್ಷಣೆ

ವೇಗದ ಫಿಲ್ಮ್ ಬೇಗ ಮಂಕಾಗುತ್ತದೆ. ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟು, ಬಳಸುವ ಕೆಲವು ಗಂಟೆ ಮೊದಲು ಹೊರಗಿಟ್ಟು, ತಂಪು ಇಳಿದ ಮೇಲೆಯೇ ತೆರೆಯಬೇಕು. ಇಲ್ಲವಾದರೆ ಒಳಗೆ ತೇವ ಕೂರುತ್ತದೆ. ವಿಮಾನದಲ್ಲಿ ಊರಿಗೆ ಹೋಗುವವರು ಫಿಲ್ಮನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಂಡು, ಯಂತ್ರಕ್ಕೆ ಒಡ್ಡದೆ ಕೈಯಿಂದಲೇ ಪರೀಕ್ಷಿಸುವಂತೆ ವಿನಂತಿಸುವುದು ಲೇಸು.

ಕೊನೆಯದಾಗಿ ಒಂದು ಮನವಿ. ನೆಗೆಟಿವ್ ಒಣಗಿದ ದಿನವೇ ಅದರ ಹೊದಿಕೆಯ ಮೇಲೆ ತಾರೀಖು, ಪ್ರಸಂಗ, ಸಭಾಗೃಹ, ಕಲಾವಿದರ ಹೆಸರು ಇಷ್ಟನ್ನು ಬರೆದಿಡಿ. ಪ್ರದರ್ಶನಕ್ಕೆ ಮುನ್ನ ಒಂದು ಸುರುಳಿಯನ್ನು ಅಭ್ಯಾಸಕ್ಕಾಗಿ ವ್ಯಯಿಸಿ ಫಲಿತಾಂಶ ನೋಡಿಕೊಳ್ಳಿ. ಆ ಒಂದು ಸುರುಳಿಯ ಖರ್ಚನ್ನು 1994ರಲ್ಲಿ ನಾನು ಉಳಿಸಿದ್ದೆ.