ಮಗ್ಗದ ಆವರ್ತ: ತಾಳವು ದಡಿಯ ಚಿತ್ತಾರವಾದ ಬಗೆ

ಕೃಷ್ಣಾ ತೀರದ ಸೀಮೆಗೆ ಸೇರಿದ ರಬಕವಿ-ಬನಹಟ್ಟಿ ಅವಳಿ ಪಟ್ಟಣಗಳ ನೇಕಾರಿಕೆಯ ಇತಿಹಾಸವನ್ನು ನೂಲು, ಬಣ್ಣ ಹಾಗೂ ಸೀರೆಯ ಪೇಟೆಗಳ ಇತಿಹಾಸವಾಗಿ ಬರೆಯುವುದು ರೂಢಿಯಾಗಿದೆ. ಆದರೆ ಕಾಲದ ಎಣಿಕೆಯನ್ನು ಕಣ್ಣಿಗೆ ಕಾಣುವ, ಮತ್ತೆ ಮತ್ತೆ ಮರಳುವ ಚಿತ್ರವನ್ನಾಗಿಸಿದ ವಿದ್ಯೆಯ ಇತಿಹಾಸವಾಗಿಯೂ ಅದನ್ನು ಓದಬೇಕು.

ಕುಣಿಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗದಲ್ಲಿ, ತುಳಿತಕ್ಕೆ ಹಾಸಿನ ಎಳೆಗಳು ಎರಡು ಪಾಲಾಗಿ ಬಾಯಿ ತೆರೆಯುತ್ತವೆ, ಆ ಬಾಯಲ್ಲಿ ಲಾಳಿ ಹಾಯುತ್ತದೆ, ಫಣಿಯು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಈ ಮೂರೂ ಸೇರಿ ತಾಳದ ಎಣಿಕೆಯಂತೆ ಒಂದು ಮಾತ್ರೆ. ಬಡಿತದ ಲಯ ತಪ್ಪಿದರೆ ಎಳೆಗಳ ಒತ್ತು ಏರುಪೇರಾಗಿ ದಡಿಯ ಹೂವು ಒಂದೆಡೆ ನೀಳವಾಗುತ್ತದೆ, ಇನ್ನೊಂದೆಡೆ ಕುಗ್ಗುತ್ತದೆ. ಹಾಡುಗಾರನ ತಪ್ಪು ಗಾಳಿಯಲ್ಲಿ ಕರಗಿದರೂ ನೇಕಾರನ ತಪ್ಪು ಸೀರೆ ಹರಿಯುವತನಕ ಉಳಿಯುತ್ತದೆ.

ದಡಿಯ ಚಿತ್ತಾರಕ್ಕೆ ಬಳಸುವ ಡಾಬಿ ಎಂಬ ಸಾಧನದಲ್ಲಿ ತಾಳಕ್ಕೂ ನೇಯ್ಗೆಗೂ ಇರುವ ಸಂಬಂಧ ಇನ್ನೂ ನಿಚ್ಚಳವಾಗಿದೆ. ಮರದ ಪಟ್ಟಿಗಳನ್ನು ಒಂದಕ್ಕೊಂದು ಕಟ್ಟಿ, ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಿ ಮಾಡಿದ ಸರಪಳಿ ಮಗ್ಗದ ಮೇಲೆ ಸುತ್ತುತ್ತದೆ. ಪಟ್ಟಿಯಲ್ಲಿ ಗೂಟವಿದ್ದಲ್ಲಿ ಅದಕ್ಕೆ ಸೇರಿದ ಎಳೆಗಳು ಮೇಲೇಳುತ್ತವೆ, ಇಲ್ಲದಲ್ಲಿ ಸುಮ್ಮನಿರುತ್ತವೆ. ಹೊಕ್ಕಿಗೊಂದು ಪಟ್ಟಿಯಂತೆ ಹದಿನಾರು ಪಟ್ಟಿಗಳಿದ್ದರೆ, ಹದಿನಾರು ಮಾತ್ರೆಗಳ ತೀನ್‌ತಾಲ್ ತನ್ನ ಮೊದಲ ಮಾತ್ರೆಯಾದ ಸಮಕ್ಕೆ ಮರಳುವ ಹಾಗೆಯೇ, ಹದಿನೇಳನೆಯ ಹೊಕ್ಕಿಗೆ ಚಿತ್ತಾರ ಮತ್ತೆ ಮೊದಲಾಗುತ್ತದೆ. ಪೆಟ್ಟು ಮತ್ತು ಬಿಡುವಿನ ಜಾಗವನ್ನು ಗೂಟ ಮತ್ತು ಖಾಲಿಜಾಗ ಹಿಡಿದಿವೆ. ಕರಡಿ ಎಂಬ ಚರ್ಮವಾದ್ಯವೇ ಮುಂದಾಳಾಗಿರುವ ಕರಡಿ ಮಜಲಿನ ಗತ್ತನ್ನು ಜಾತ್ರೆ, ಮೆರವಣಿಗೆಗಳಲ್ಲಿ ಕೇಳುತ್ತ ಬಂದ ನಾಡಿಗೆ ಈ ಎಣಿಕೆ ಹೊಸದಾಗಿರಲಾರದು.

ಸಂಗೀತಕ್ಕೂ ಮಗ್ಗಕ್ಕೂ ಇರುವ ಈ ನಂಟು ಬರಿಯ ಹೋಲಿಕೆಯಲ್ಲ ಎಂಬುದಕ್ಕೆ ಫ್ರಾನ್ಸಿನ ಚರಿತ್ರೆ ಸಾಕ್ಷಿಯಾಗಿದೆ. ಲಿಯಾನ್ ನಗರದಲ್ಲಿ 1725ರಲ್ಲಿ ತೂತು ಹೊಡೆದ ಕಾಗದದಿಂದ ಮಗ್ಗದ ಎಳೆಗಳನ್ನು ಆಯುವ ಉಪಾಯ ಕಂಡ ಬಾಸಿಲ್ ಬೂಶೋಂ ಆರ್ಗನ್ ವಾದ್ಯ ತಯಾರಿಸುವವನ ಮಗ. ಯಂತ್ರದ ಕೊಳಲುವಾದಕನನ್ನು 1738ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ವೋಕಾನ್‌ಸನ್, ಮುಂದೆ ರೇಷ್ಮೆ ಉದ್ಯಮದ ತಪಾಸಣಾಧಿಕಾರಿಯಾಗಿ ಸ್ವಯಂಚಾಲಿತ ಮಗ್ಗವನ್ನು ಕಟ್ಟಿದ. ಇವರ ದಾರಿಯಲ್ಲೇ ನಡೆದು ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಯಂತ್ರದಲ್ಲಿ ಹೊಕ್ಕಿಗೊಂದು ತೂತಿನ ರಟ್ಟು. ರಟ್ಟುಗಳ ಮಾಲೆ ಒಮ್ಮೆ ಸುತ್ತಿದರೆ ಒಂದು ಚಿತ್ರ. ಅದೇ ರಟ್ಟು 1892ರಲ್ಲಿ ವಾದ್ಯ ತಯಾರಕರಾದ ಗಾವಿಯೋಲಿಯವರ ಆರ್ಗನ್ನಿಗೆ ಸ್ವರಗಳ ಪುಸ್ತಕವಾಗಿ ಸಂಗೀತಕ್ಕೆ ಮರಳಿತು.

ರಬಕವಿ ಸೀಮೆಯಲ್ಲಿ ವಿದ್ಯುತ್ ಮಗ್ಗ ಹರಡಿದ ಮೇಲೆ ವೇಗವನ್ನು ನಿಶ್ಚಯಿಸುವ ಅಧಿಕಾರ ಕಾಲಿನಿಂದ ಮೋಟರಿಗೆ ಹೋಯಿತು. ಬಟ್ಟೆ ಹೆಚ್ಚಿತು, ದುಡಿಮೆ ಉಳಿಯಿತು, ಅದನ್ನು ಹಳಿಯುವುದು ಅನ್ಯಾಯ. ಆದರೂ ಲಯದ ವಿಳಂಬ-ದ್ರುತಗಳು ನೇಕಾರನ ಕೈತಪ್ಪಿದ್ದು ಸಣ್ಣ ನಷ್ಟವಲ್ಲ. ಈಗ ಮರದ ಪಟ್ಟಿ, ರಟ್ಟುಗಳ ಕೆಲಸವನ್ನು ಗಣಕಯಂತ್ರ ಮಾಡಬಲ್ಲದು. ಆದುದರಿಂದ ಅವಳಿ ಪಟ್ಟಣಗಳ ನೇಕಾರರ ಸಹಕಾರ ಸಂಘಗಳೂ ಕಾಲೇಜುಗಳೂ ಹಳೆಯ ಡಾಬಿ ಸರಪಳಿಗಳನ್ನೂ ರಟ್ಟಿನ ಕಟ್ಟುಗಳನ್ನೂ, ಯಾವುದು ಯಾವ ದಡಿಯದು ಎಂಬ ವಿವರ ಬಲ್ಲ ಹಿರಿಯ ನೇಕಾರರ ಬಾಯಿಂದ ಕೇಳಿ ಬರೆದುಕೊಂಡು, ಗುಜರಿ ಸೇರುವ ಮುನ್ನ ಸಂಗ್ರಹಿಸಿಡಬೇಕು.