ಬ್ರಹ್ಮಗಿರಿಯ ಅನಾಮಧೇಯ ಅಮೂರ್ತ ಚಿತ್ರಕಾರ

ಚಳ್ಳಕೆರೆಯಿಂದ ಉತ್ತರಕ್ಕೆ ಮೊಳಕಾಲ್ಮೂರು ಸೀಮೆಯನ್ನು ಪ್ರವೇಶಿಸಿದ ಇತಿಹಾಸ ವಿದ್ಯಾರ್ಥಿಯು ಮೊದಲು ಅರಸುವುದು ಅಶೋಕನ ಶಾಸನಗಳನ್ನು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನು ಬರೆದವನು ಚಪಡ. ಈ ಲಿಪಿಕಾರನು ತನ್ನ ಹೆಸರನ್ನು ಬಂಡೆಯ ಮೇಲೆಯೇ ಉಳಿಸಿಹೋಗಿದ್ದಾನೆ. ಅದೇ ಬ್ರಹ್ಮಗಿರಿಯ ತಪ್ಪಲಿನಲ್ಲಿ ಕೆಲವು ಶತಮಾನಗಳ ಅನಂತರ ಮಣ್ಣಿನ ಬಟ್ಟಲುಗಳ ಮೇಲೆ ಚಿತ್ರ ಬರೆದವರಾದರೋ ಹೆಸರನ್ನು ಬಿಡಲಿಲ್ಲ. ಅವರು ಗಂಡಸರೋ ಹೆಂಗಸರೋ ಎಂಬುದನ್ನು ಸಹ ನಾವು ಹೇಳಲಾರೆವು. ಹೀಗಿದ್ದೂ ಅವರ ಕಲೆಯ ಕ್ರಮವನ್ನು ಗುರುತಿಸಲು ಸಾಧ್ಯವೆಂಬುದೇ ಪ್ರಕೃತ ಲೇಖನದ ವಾದ.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಇಲ್ಲಿ ನಡೆಸಿದ ಉತ್ಖನನದಲ್ಲಿ ಮೂರು ಸಂಸ್ಕೃತಿಗಳು ಒಂದರ ಮೇಲೊಂದಾಗಿ ಗೋಚರಿಸಿದವು: ತಳದಲ್ಲಿ ಕಲ್ಲುಕೊಡಲಿಯದು, ನಡುವೆ ಬೃಹತ್ ಶಿಲಾಸಮಾಧಿಗಳದು, ಮೇಲೆ ವ್ಹೀಲರ್ ಅವರು 'ಆಂಧ್ರ' ಎಂದು ಕರೆದದ್ದು. ಈ ಕಡೆಯದನ್ನು ಅವರು ಕ್ರಿ. ಶ. 1ನೆಯ ಶತಮಾನದ ಮಧ್ಯದಿಂದ 3ನೆಯ ಶತಮಾನದವರೆಗಿನ ಕಾಲಕ್ಕೆ ಸೇರಿಸಿದರು. ನಮ್ಮ ಚಿತ್ರಕಾರರ ಬಟ್ಟಲುಗಳು ದೊರೆತದ್ದು ಈ ಪದರದಲ್ಲಿ.

ಇವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮನುಷ್ಯನಲ್ಲ, ಮೃಗವಲ್ಲ. ಸಮಾನಾಂತರ ಗೆರೆಗಳು, ಒಂದನ್ನೊಂದು ಕತ್ತರಿಸುವ ಗೆರೆಗಳು, ಬಳುಕುಗೆರೆಗಳು, ಚುಕ್ಕೆಗಳು. ಸುಣ್ಣದಿಂದಲೋ ಬಿಳಿಜೇಡಿಯಿಂದಲೋ ಮೊದಲು ಗೆರೆ ಎಳೆದು, ಆಮೇಲೆ ಅದರ ಮೇಲೆ ಕಾವಿಯ ತೆಳುಲೇಪ ಕೊಡುತ್ತಿದ್ದರು. ಅಂದರೆ ಚಿತ್ರಕಾರನು ತಾನು ಬರೆದುದನ್ನು ತಾನೇ ಮುಚ್ಚುತ್ತಿದ್ದನು. ಕೆಂಪಿನೊಳಗಿಂದ ಬಿಳುಪು ಎಷ್ಟು ತೋರೀತೆಂಬ ಅಂದಾಜು ಅವನಿಗೆ ಮುಂಚಿತವಾಗಿಯೇ ಇರಬೇಕಾಗಿತ್ತು. ಇದು ದೀರ್ಘ ಅಭ್ಯಾಸದಿಂದಲ್ಲದೆ ಬರುವ ವಿದ್ಯೆಯಲ್ಲ.

ಇದನ್ನು ಅಮೂರ್ತ ಚಿತ್ರಕಲೆ ಎನ್ನಬಹುದೆ? 1910ರ ದಶಕದಲ್ಲಿ ಯೂರೋಪಿನ ಕ್ಯಾಂಡಿನ್‌ಸ್ಕಿ ಮೊದಲಾದವರು ವಸ್ತುಸಾದೃಶ್ಯವನ್ನು ತಿಳಿದೇ ತ್ಯಜಿಸಿ, ಅದಕ್ಕೊಂದು ಸಿದ್ಧಾಂತವನ್ನೂ ಬರೆದರು. ಬ್ರಹ್ಮಗಿರಿಯಲ್ಲಿ ಅಂಥ ಸಿದ್ಧಾಂತಕ್ಕೆ ಆಧಾರವಿಲ್ಲ, ರೂಪವಿದೆ, ಘೋಷಣೆಯಿಲ್ಲ. ಆದುದರಿಂದ ಆ ಪದವನ್ನು ನಾವು ರೂಪದ ಮಟ್ಟಿಗೆ ಮಾತ್ರ ಬಳಸುತ್ತೇವೆ. ಅಂತೆಯೇ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚಿಗೂ ಚಳ್ಳಕೆರೆಯ ಕಂಬಳಿಯ ಪಟ್ಟೆಗೂ ಈ ಗೆರೆಗಳೇ ಮೂಲವೆಂದು ಹೇಳುವುದು ಊರಭಿಮಾನವಾದೀತೇ ಹೊರತು ಇತಿಹಾಸವಾಗಲಾರದು.

ಈ ಪಾತ್ರೆಗಳನ್ನು ಬಹುಕಾಲ 'ಆಂಧ್ರ ಪಾತ್ರೆ'ಗಳೆಂದು ರಾಜವಂಶದ ಹೆಸರಿನಿಂದಲೇ ಕರೆಯಲಾಯಿತು. ಆದರೆ ಶಾತವಾಹನರ ಆಳ್ವಿಕೆಗೆ ಸೇರದ ತಮಿಳುನಾಡಿನ ಕೊಡುಮಣಲ್‌ನಂಥ ನೆಲೆಗಳಲ್ಲಿಯೂ ಇವು ದೊರೆತಿವೆ. ಈಗ ವಿದ್ವಾಂಸರು ಕಾವಿಲೇಪದ ಚಿತ್ರಿತ ಪಾತ್ರೆಗಳೆಂದು ತಯಾರಿಕೆಯ ಕ್ರಮದಿಂದಲೇ ಹೆಸರಿಸುತ್ತಾರೆ. ಅರಸರ ಹೆಸರು ಹಿಂದೆ ಸರಿದು ಕುಶಲಿಯ ಕೆಲಸ ಮುಂದೆ ಬಂದುದು ಸಣ್ಣ ತಿದ್ದುಪಡಿಯಲ್ಲ.

ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ಬ್ರಹ್ಮಗಿರಿಗೆ ಹೋದವರು ಗೆರೆಯುಳ್ಳ ಬೋಕಿಯನ್ನು ಕಂಡರೆ ನೋಡಲಿ, ಜೇಬಿಗಿಳಿಸದಿರಲಿ. ಚಪಡನ ಹೆಸರನ್ನು ಬಂಡೆ ಕಾಯುತ್ತದೆ. ಹೆಸರಿಲ್ಲದ ಈ ಚಿತ್ರಕಾರನಿಗೆ ಆ ಬೋಕಿಯೂ ಅದು ಬಿದ್ದಿರುವ ನೆಲವೂ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.